ದುಬಾರಿ ಸ್ಟಾರ್‌ನ ತಂಡಕ್ಕೆ ತಗೋಬೇಕಾ? ಬೇಸ್‌ಬಾಲ್ ಫ್ರೀ ಏಜೆಂಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ. ಟೆಕ್ಸಸ್ ರೇಂಜರ್ಸ್ ನಮ್ಮ ಮನೆ ತಂಡ. ವರ್ಲ್ಡ್ ಸೀರೀಸ್ (ಬೇಸ್‌ಬಾಲ್‌ನ ಫೈನಲ್ ಸರಣಿ) ಮುಗಿದು ಆಟಗಾರರ ಸಂತೆ ಶುರುವಾಗೋದೂ ನವೆಂಬರ್‌ನಲ್ಲೇ, ನಮ್ಮ ರಾಜ್ಯೋತ್ಸವ ನಡೆಯೋದೂ ನವೆಂಬರ್‌ನಲ್ಲೇ. ಹಾಗಾಗಿ ಪ್ರತಿ ವರ್ಷ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಇದೇ ಮಾತು ಬರುತ್ತೆ: ಅಷ್ಟು ದುಡ್ಡು ಕೊಟ್ಟು ಅವನನ್ನ ತಗೋಬೇಕಾ? ಊರಿಂದ ಬಂದ ಅಪ್ಪ ಅಮ್ಮಂದಿರೂ ಕೇಳುತ್ತಾರೆ, ಇಲ್ಲೇ ಹುಟ್ಟಿದ ಮಕ್ಕಳೂ ಕೇಳುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಅವರವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲಿಂದ ಶುರು ಮಾಡೋಣ

ಫ್ರೀ ಏಜೆಂಟ್ ಅಂದ್ರೆ ಏನು? ಐಪಿಎಲ್ ಹರಾಜಿನ ಥರಾನಾ?

ಇಲ್ಲ, ಹೆಚ್ಚುಕಮ್ಮಿ ಉಲ್ಟಾ. ಐಪಿಎಲ್ ಹರಾಜಿನಲ್ಲಿ ಯಾವ ತಂಡ ಜಾಸ್ತಿ ಕೂಗುತ್ತೋ ಆಟಗಾರ ಅಲ್ಲಿಗೆ ಹೋಗಬೇಕು, ಬೇರೆ ದಾರಿ ಇಲ್ಲ. ಬೇಸ್‌ಬಾಲ್‌ನಲ್ಲಿ ಫ್ರೀ ಏಜೆಂಟ್ ಆದವನು, ಅಂದರೆ ಯಾವ ತಂಡದ ಒಪ್ಪಂದಕ್ಕೂ ಕಟ್ಟುಬೀಳದವನು, ತನ್ನ ಏಜೆಂಟ್ ಜೊತೆ ಕೂತು ಬೇಕಾದ ತಂಡದ ಹತ್ತಿರ ಮಾತಾಡಬಹುದು. ಊರು ಇಷ್ಟ ಆಯ್ತು ಅಂತ ಕಡಿಮೆ ದುಡ್ಡಿಗೂ ಒಪ್ಪಬಹುದು.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. 2025ರ ಐಪಿಎಲ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಮಿತಿ ಇತ್ತು. ರಿಷಭ್ ಪಂತ್‌ಗೆ ಲಖನೌ 27 ಕೋಟಿ ಕೊಟ್ಟಾಗ ಜೇಬಿನ ಕಾಲು ಭಾಗಕ್ಕೆ ಹತ್ತಿರ ಒಬ್ಬನಿಗೇ ಹೋಯಿತು. ಬೇಸ್‌ಬಾಲ್‌ನಲ್ಲಿ ಅಂಥ ಗಟ್ಟಿ ಮಿತಿ ಇಲ್ಲ. ತಂಡದ ಒಟ್ಟು ಸಂಬಳಕ್ಕೆ ಒಂದು ಗೆರೆ ಇದೆ, ಅದನ್ನು ದಾಟಿದರೆ ದಂಡ ಕಟ್ಟಬೇಕು, ಅಷ್ಟೇ. ಹಾಗಾಗಿ ಇಲ್ಲಿ ‘ಕೊಡೋಕೆ ಆಗುತ್ತಾ’ ಅನ್ನೋದಕ್ಕಿಂತ ‘ಕೊಡಬೇಕಾ’ ಅನ್ನೋದೇ ನಿಜವಾದ ಪ್ರಶ್ನೆ.

ಆಟಗಾರ ಬೇಕಾದಾಗ ತಂಡ ಬಿಡೋಕೆ ಆಗಲ್ವಾ? ಆರು ವರ್ಷ ಅಂತಾರಲ್ಲ, ಏನದು?

ಮೇಜರ್ ಲೀಗ್‌ನಲ್ಲಿ (ಇಲ್ಲಿನ ಬೇಸ್‌ಬಾಲ್‌ನ ಮೇಲಿನ ಹಂತ) ಆರು ವರ್ಷದ ಸೇವೆ ಮುಗಿಯುವವರೆಗೆ ಅವನು ಅದೇ ತಂಡದ ಕೈಯಲ್ಲಿ. ಮೊದಲ ಮೂರು ವರ್ಷ ಬಹುಪಾಲು ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳ ಏರುತ್ತೆ, ಆದರೆ ಹೊರಗೆ ಹೋಗುವಂತಿಲ್ಲ. ತಂಡ ಬೇಕಾದರೆ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಬಹುದು, ಅವನಾಗಿ ಹೋಗೋಕೆ ಆಗಲ್ಲ.

ಮೊದಲು ಇಷ್ಟೂ ಇರಲಿಲ್ಲ, ಜೀವನಪೂರ್ತಿ ಒಂದೇ ತಂಡಕ್ಕೆ ಕಟ್ಟಿಹಾಕಿದ ಹಾಗೆ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದವರು ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟಾಗ ಅವನು ಹೋಗಲ್ಲ ಅಂದ. ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ. ಅಷ್ಟರಲ್ಲಿ ಅವನ ಆಟದ ಬದುಕೂ ಮುಗಿದೇ ಹೋಗಿತ್ತು. 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಜ್ ಅನ್ನುವ ಮಧ್ಯಸ್ಥಗಾರ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪರವಾಗಿ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಇವತ್ತು ಕೋಟಿಗಟ್ಟಲೆ ಎಣಿಸುವ ಪ್ರತಿ ಆಟಗಾರನೂ ಫ್ಲಡ್‌ಗೆ ಋಣಿ ಅಂತ ನಾನು ನಂಬುತ್ತೇನೆ.

ಒಬ್ಬ ಚೆಂಡು ಹೊಡೆಯೋನಿಗೆ ಇಷ್ಟೊಂದಾ? ಇದು ನ್ಯಾಯಾನಾ?

ನಮ್ಮಪ್ಪ ಮೇಷ್ಟ್ರಾಗಿದ್ದವರು, ಅವರು ಇದನ್ನ ಪ್ರತಿ ಸಲ ಕೇಳುತ್ತಿದ್ದರು. ನಾನು ಹೇಳುತ್ತಿದ್ದದ್ದು ಒಂದೇ: ಟಿವಿ ದುಡ್ಡು, ಟಿಕೆಟ್ ದುಡ್ಡು ಹೇಗೂ ಬರುತ್ತೆ. ಅದು ಆಡುವವನಿಗೆ ಹೋಗದಿದ್ದರೆ ಮಾಲೀಕನ ಹತ್ತಿರ ಉಳಿಯುತ್ತೆ. ಟಿಕೆಟ್ ಅಂತೂ ಅಗ್ಗ ಆಗಲ್ಲ.

ಗಾಯ ಆಗಿ ಆಡದಿದ್ದರೂ ದುಡ್ಡು ಕೊಡಲೇಬೇಕಾ?

ಕೊಡಲೇಬೇಕು. ಬೇಸ್‌ಬಾಲ್ ಒಪ್ಪಂದದಲ್ಲಿ ದುಡ್ಡು ಪಕ್ಕಾ. ಎಲ್ಲ ಅಪಾಯವೂ ಇಲ್ಲೇ ಇರೋದು.

2019ರ ಡಿಸೆಂಬರ್ ನೋಡಿ. ವಾಷಿಂಗ್ಟನ್ ನ್ಯಾಷನಲ್ಸ್ ಆಗಷ್ಟೇ ವರ್ಲ್ಡ್ ಸೀರೀಸ್ ಗೆದ್ದಿತ್ತು. ಅವರ ಇಬ್ಬರು ದೊಡ್ಡ ಆಟಗಾರರು, ಪಿಚರ್ (ಚೆಂಡು ಎಸೆಯುವವನು) ಸ್ಟೀಫನ್ ಸ್ಟ್ರಾಸ್‌ಬರ್ಗ್ ಮತ್ತು ಬ್ಯಾಟರ್ ಆಂಥೊನಿ ರೆಂಡೋನ್, ಒಂದೇ ವಾರದಲ್ಲಿ ಒಂದೇ ಮೊತ್ತಕ್ಕೆ ಸಹಿ ಹಾಕಿದರು: 7 ವರ್ಷ, 24 ಕೋಟಿ 50 ಲಕ್ಷ ಡಾಲರ್. ಸ್ಟ್ರಾಸ್‌ಬರ್ಗ್ ಅಲ್ಲೇ ಉಳಿದ, ರೆಂಡೋನ್ ಲಾಸ್ ಏಂಜಲೀಸ್ ಏಂಜಲ್ಸ್‌ಗೆ ಹೋದ. ಆ ಒಪ್ಪಂದದಲ್ಲಿ ಸ್ಟ್ರಾಸ್‌ಬರ್ಗ್ ಎಸೆದದ್ದು ಒಟ್ಟು 8 ಪಂದ್ಯ. ರೆಂಡೋನ್ ಯಾವ ವರ್ಷವೂ 58 ಪಂದ್ಯಕ್ಕಿಂತ ಜಾಸ್ತಿ ಆಡಲಿಲ್ಲ, 2025ರಲ್ಲಿ ಒಂದೂ ಇಲ್ಲ. ಇಬ್ಬರೂ ಸೋಮಾರಿಗಳಲ್ಲ, ಮೋಸಗಾರರೂ ಅಲ್ಲ. ಮೈ ಕೈಕೊಟ್ಟಿತು. ಸಹಿ ಹಾಕಿದ ದಿನ ಆ ಎರಡೂ ಒಪ್ಪಂದ ಸರಿಯಾಗೇ ಕಾಣುತ್ತಿದ್ದವು, ಅದೇ ನನಗೆ ಇವತ್ತಿಗೂ ಭಯ ಹುಟ್ಟಿಸೋದು.

## ಒಬ್ಬ ಬಂದರೆ ಏನಾಗುತ್ತೆ?

ಒಬ್ಬ ಸ್ಟಾರ್ ಬಂದರೆ ತಂಡ ಗೆದ್ದೇ ಗೆಲ್ಲುತ್ತಾ?

ಬಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ದೊಡ್ಡ ಆಟಗಾರ ಇಡೀ ಆಟವನ್ನೇ ತಿರುಗಿಸಬಹುದು, ಕೊನೆ ನಿಮಿಷದಲ್ಲಿ ಚೆಂಡು ಅವನ ಕೈಗೇ ಕೊಡಬಹುದು. ಬೇಸ್‌ಬಾಲ್‌ನಲ್ಲಿ ಆಗಲ್ಲ. ಒಂಬತ್ತು ಜನ ಸರದಿ ಪ್ರಕಾರ ಬ್ಯಾಟ್ ಮಾಡಬೇಕು. ಎಷ್ಟೇ ದೊಡ್ಡವನಾದರೂ ಪಂದ್ಯಕ್ಕೆ ನಾಲ್ಕೋ ಐದೋ ಸಲ ಕ್ರೀಸಿಗೆ ಬರುತ್ತಾನೆ. ಸ್ಟಾರ್ಟಿಂಗ್ ಪಿಚರ್ ಆದರೆ ಐದು ದಿನಕ್ಕೊಮ್ಮೆ. ಒಂಬತ್ತನೇ ಇನ್ನಿಂಗ್ಸಲ್ಲಿ ತಂಡಕ್ಕೆ ಒಂದು ರನ್ ಬೇಕಾದಾಗ ಸರದಿ ಯಾರದ್ದೋ ಅವರೇ ಬರಬೇಕು, ಕೋಟಿ ಕೊಟ್ಟವನು ಡಗ್ಔಟ್‌ನಲ್ಲಿ ಕೂತು ನೋಡುತ್ತಿರಬೇಕು.

ಏಂಜಲ್ಸ್ ತಂಡ ಇದಕ್ಕೆ ದೊಡ್ಡ ಸಾಕ್ಷಿ. ಮೈಕ್ ಟ್ರೌಟ್ ಮತ್ತು ಶೋಹೇ ಓಟಾನಿ ಇಬ್ಬರೂ 2018ರಿಂದ 2023ರವರೆಗೆ ಒಟ್ಟಿಗೆ ಇದ್ದರು. ಆರು ವರ್ಷದಲ್ಲಿ ಒಂದು ಸಲವೂ ಪ್ಲೇಆಫ್‌ಗೆ ಹೋಗಲಿಲ್ಲ. ಅಂಥ ಇಬ್ಬರು ಒಂದೇ ಅಂಗಳದಲ್ಲಿ ಇದ್ದೂ!

ಒಬ್ಬನೇ ಬಂದು ತಂಡ ಬದಲಾದ ಉದಾಹರಣೆ ಇಲ್ವೇ ಇಲ್ವಾ?

ಇದೆ. 1992ರ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ಬ್ಯಾರಿ ಬಾಂಡ್ಸ್‌ಗೆ 6 ವರ್ಷಕ್ಕೆ 4 ಕೋಟಿ 37 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು. ಹಿಂದಿನ ವರ್ಷ 72 ಗೆದ್ದಿದ್ದ ತಂಡ 1993ರಲ್ಲಿ 103 ಗೆದ್ದಿತು. ಆದರೂ ಅಟ್ಲಾಂಟಾ 104 ಗೆದ್ದಿದ್ದರಿಂದ ಪ್ಲೇಆಫ್ ತಪ್ಪಿತು, ವಿಭಾಗ ಗೆಲ್ಲದವರಿಗೂ ಪ್ಲೇಆಫ್ ಬಾಗಿಲು ತೆರೆಯುವ ವೈಲ್ಡ್ ಕಾರ್ಡ್ ಆಗ ಇರಲಿಲ್ಲ. ಬಾಂಡ್ಸ್ ಆಗ 28 ವರ್ಷದವನು, ಆಟದ ಉತ್ತುಂಗದಲ್ಲಿದ್ದ. ಆ ತಂಡದಲ್ಲಿ ವಿಲ್ ಕ್ಲಾರ್ಕ್, ಮ್ಯಾಟ್ ವಿಲಿಯಮ್ಸ್ ಮೊದಲೇ ಇದ್ದರು ಅನ್ನೋದನ್ನ ಜನ ಮರೆತುಬಿಡುತ್ತಾರೆ.

ಏ-ರಾಡ್‌ಗೆ ಕೊಟ್ಟು ಕೈಸುಟ್ಟುಕೊಂಡ ರೇಂಜರ್ಸ್ ಮತ್ತೆ ಸೀಗರ್‌ಗೆ ಯಾಕೆ ಕೊಟ್ಟರು? ಏನು ಬದಲಾಗಿತ್ತು?

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಎರಡನ್ನೂ ಕಣ್ಣಾರೆ ಕಂಡವನು ನಾನು.

2000ದ ಡಿಸೆಂಬರ್‌ನಲ್ಲಿ ರೇಂಜರ್ಸ್ ಅಲೆಕ್ಸ್ ರಾಡ್ರಿಗೆಜ್‌ಗೆ, ಅಂದರೆ ಏ-ರಾಡ್‌ಗೆ, 10 ವರ್ಷಕ್ಕೆ 25 ಕೋಟಿ 20 ಲಕ್ಷ ಡಾಲರ್ ಕೊಟ್ಟಿತು. ಆಗ ಯಾವ ಆಟದಲ್ಲೂ ಇದ್ದ ಅತಿ ದೊಡ್ಡ ಒಪ್ಪಂದ ಬಾಸ್ಕೆಟ್‌ಬಾಲ್‌ನ ಕೆವಿನ್ ಗಾರ್ನೆಟ್‌ದು, 12 ಕೋಟಿ 60 ಲಕ್ಷ. ಅದರ ಸರಿಯಾಗಿ ಎರಡರಷ್ಟು. ಮಾಲೀಕ ಟಾಮ್ ಹಿಕ್ಸ್ ಎರಡೇ ವರ್ಷದ ಹಿಂದೆ ಇಡೀ ತಂಡ ಕೊಂಡದ್ದು 25 ಕೋಟಿಗೆ. ಅಂದರೆ ತಂಡಕ್ಕಿಂತ ಒಬ್ಬ ಆಟಗಾರ ದುಬಾರಿ.

ಏ-ರಾಡ್ ಮಾತು ಉಳಿಸಿಕೊಂಡ. 2001ರಲ್ಲಿ 52 ಹೋಮ್ ರನ್ (ನಮ್ಮ ಸಿಕ್ಸರ್ ಥರ), 2002ರಲ್ಲಿ 57, 2003ರಲ್ಲಿ 47 ಮತ್ತು ಲೀಗ್‌ನ ಎಂವಿಪಿ, ಅಂದರೆ ಅತ್ಯಂತ ಮೌಲ್ಯದ ಆಟಗಾರ. (ಆ ಮೂರು ವರ್ಷ ನಿಷೇಧಿತ ಔಷಧ ತಗೊಂಡಿದ್ದೆ ಅಂತ 2009ರಲ್ಲಿ ತಾನೇ ಒಪ್ಪಿಕೊಂಡ. ಅದನ್ನ ಕೇಳಿದ ದಿನ ಹಳೇ ನೆನಪೆಲ್ಲ ಕಹಿ ಆಯಿತು.) ತಂಡದ ಕಥೆ ಏನು? 73 ಗೆಲುವು, 72 ಗೆಲುವು, 71 ಗೆಲುವು. ಮೂರು ವರ್ಷವೂ ವಿಭಾಗದಲ್ಲಿ ಕಡೇ ಸ್ಥಾನ. 2001ರಲ್ಲಿ ಪಿಚಿಂಗ್ ಎಷ್ಟು ಕೆಟ್ಟದಿತ್ತು ಅಂದರೆ ತಂಡದ ಇಆರ್‌ಎ, ಅಂದರೆ ಪಿಚರ್‌ಗಳು ಒಂಬತ್ತು ಇನ್ನಿಂಗ್ಸಿಗೆ ಕೊಟ್ಟ ಸರಾಸರಿ ರನ್, 5.71. ಹಳೇ ಅಂಗಳದಲ್ಲಿ ಜುಲೈ ಬಿಸಿಲಿಗೆ ಕುರ್ಚಿ ಮುಟ್ಟೋಕೆ ಆಗುತ್ತಿರಲಿಲ್ಲ. ಟವೆಲ್ ಹಾಸಿ ಕೂತು, ಅವನ ಹೋಮ್ ರನ್‌ಗೆ ಎದ್ದು ಕೂಗಿ, ಮುಂದಿನ ಇನ್ನಿಂಗ್ಸಲ್ಲೇ ನಮ್ಮ ಪಿಚರ್ ನಾಲ್ಕು ರನ್ ಕೊಡೋದನ್ನ ನೋಡಿ ಸುಮ್ನೆ ಕೂತುಬಿಡುತ್ತಿದ್ದೆವು. ಆ ಚಳಿಗಾಲದಲ್ಲಿ ಅವನ ಜೊತೆಗೆ ಕೊಂಡದ್ದು ಯಾರನ್ನ? ಗಲರಾಗಾ, ಕ್ಯಾಮಿನಿಟಿಯಂಥ ವಯಸ್ಸಾದ ಬ್ಯಾಟರ್‌ಗಳನ್ನ. ಒಳ್ಳೇ ಪಿಚರ್‌ಗಳನ್ನ ತರಲೇ ಇಲ್ಲ. 2004ರಲ್ಲಿ ಅವನನ್ನ ಯಾಂಕೀಸ್‌ಗೆ ಕೊಟ್ಟಾಗ ಉಳಿದ ಸಂಬಳದಲ್ಲಿ 6 ಕೋಟಿ 70 ಲಕ್ಷ ಡಾಲರ್ ನಾವೇ ಕಟ್ಟುತ್ತೇವೆ ಅಂತ ಒಪ್ಪಬೇಕಾಯಿತು.

ಈಗ 2021ಕ್ಕೆ ಬನ್ನಿ. ರೇಂಜರ್ಸ್ 102 ಪಂದ್ಯ ಸೋತಿತ್ತು. ಲಾಕೌಟ್ (ಮಾಲೀಕರೇ ಬಾಗಿಲು ಹಾಕಿ ಆಟಗಾರರನ್ನು ಹೊರಗಿಡೋದು) ಶುರುವಾಗುವ ಮುಂಚಿನ ಕೆಲವೇ ದಿನದಲ್ಲಿ ಮೂವರನ್ನ ತಂದರು: ಶಾರ್ಟ್‌ಸ್ಟಾಪ್‌ಗೆ (ಎರಡನೇ, ಮೂರನೇ ಬೇಸ್ ನಡುವಿನ ಜಾಗ) ಕೋರಿ ಸೀಗರ್ (10 ವರ್ಷ, 32 ಕೋಟಿ 50 ಲಕ್ಷ), ಸೆಕೆಂಡ್ ಬೇಸ್‌ಗೆ ಮಾರ್ಕಸ್ ಸಿಮಿಯನ್ (7 ವರ್ಷ, 17 ಕೋಟಿ 50 ಲಕ್ಷ), ಪಿಚರ್ ಜಾನ್ ಗ್ರೇ. ಮೊದಲ ವರ್ಷ 94 ಸೋಲು. ಜನ ‘ನೋಡಿ, ಮತ್ತದೇ’ ಅಂದರು. ಆದರೆ ಮಾಲೀಕರು ಅಲ್ಲಿಗೆ ನಿಲ್ಲಿಸಲಿಲ್ಲ. ಮರುವರ್ಷ ಜೇಕಬ್ ಡಿಗ್ರಾಮ್, ನೇಥನ್ ಇವಾಲ್ಡಿ ಬಂದರು. ಬ್ರೂಸ್ ಬೋಚಿ ನಿವೃತ್ತಿಯಿಂದ ಎದ್ದು ಬಂದು ಮ್ಯಾನೇಜರ್ ಆದರು. ಒಳಗಿಂದ ಜಾಷ್ ಯಂಗ್, ಇವಾನ್ ಕಾರ್ಟರ್‌ನಂಥ ಹುಡುಗರು ಬೆಳೆದು ಬಂದರು. ಅಡೋಲಿಸ್ ಗಾರ್ಸಿಯಾನನ್ನ ಕಾರ್ಡಿನಲ್ಸ್ ಬೇಡ ಅಂದಾಗ ಬರೀ ನಗದು ಕೊಟ್ಟು ತಂದದ್ದು. 2023ರ ಜುಲೈನಲ್ಲಿ ಮ್ಯಾಕ್ಸ್ ಶರ್ಜರ್, ಜೋರ್ಡನ್ ಮಾಂಟ್ಗೊಮೆರಿ ಸೇರಿಕೊಂಡರು. ಆ ವರ್ಷವೇ ರೇಂಜರ್ಸ್ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದದ್ದು.

ಏ-ರಾಡ್ ಸೀಗರ್‌ಗಿಂತ ಕಡಿಮೆ ಆಟಗಾರ ಏನಲ್ಲ, ಇನ್ನೂ ಜಾಸ್ತಿಯೇ. ಮೊದಲ ಸಲ ಸ್ಟಾರ್‌ನ ತಂದು ಕೆಲಸ ಮುಗಿಯಿತು ಅಂದುಕೊಂಡರು. ಎರಡನೇ ಸಲ ಸ್ಟಾರ್‌ನ ತಂದು ಕೆಲಸ ಶುರು ಮಾಡಿದರು.

ಸೀಗರ್ ಆ ದುಡ್ಡಿಗೆ ತಕ್ಕವನಾ? ವರ್ಷಕ್ಕೆ ನೂರಿಪ್ಪತ್ತು ಪಂದ್ಯ ಆಡೋದೇ ಕಷ್ಟ ಅಲ್ವಾ?

ನಿಜ, 162ರಲ್ಲಿ 2023ರಲ್ಲಿ 119, 2024ರಲ್ಲಿ 123, 2025ರಲ್ಲಿ 102 ಪಂದ್ಯ. ನನಗೂ ಬೇಜಾರಿದೆ. ಆದರೆ 2023ರ ಅಕ್ಟೋಬರ್ 27ರ ರಾತ್ರಿ ನೆನಪು ಮಾಡಿಕೊಳ್ಳಿ. ಆರ್ಲಿಂಗ್ಟನ್‌ನಲ್ಲಿ ಅರಿಜೋನಾ ಮೇಲೆ ಮೊದಲ ಪಂದ್ಯ. ಒಂಬತ್ತನೇ ಇನ್ನಿಂಗ್ಸ್, 5-3ರಿಂದ ಹಿಂದೆ, ಒಬ್ಬ ಔಟ್, ಬೇಸ್ ಮೇಲೆ ಒಬ್ಬ. ಪಾಲ್ ಸೀವಾಲ್ಡ್ ಎಸೆದ ಚೆಂಡು ಬಲಗಡೆ ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಸೀಗರ್ ಮುಖದಲ್ಲಿ ಯಾವತ್ತೂ ಏನೂ ಕಾಣಲ್ಲ, ಬ್ಯಾಂಕಿನಲ್ಲಿ ಕೂತವನ ಹಾಗೆ ಇರುತ್ತಾನೆ. ಅವತ್ತು ಮಾತ್ರ ನಮ್ಮ ಡಗ್ಔಟ್ ಕಡೆ ತಿರುಗಿ ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದ. ಸೋಫಾ ಮೇಲೆ ಮಲಗಿದ್ದ ನನ್ನ ಮಗಳು ಎದ್ದು ‘ಏನಾಯ್ತಪ್ಪ’ ಅಂದಳು, ನನಗೆ ಮಾತೇ ಬರಲಿಲ್ಲ. ಹನ್ನೊಂದನೇ ಇನ್ನಿಂಗ್ಸಲ್ಲಿ ಗಾರ್ಸಿಯಾ ಮುಗಿಸಿದ.

ಆಮೇಲೆ ಮೂರನೇ ಪಂದ್ಯದಲ್ಲೂ ಸೀಗರ್ ಹೋಮ್ ರನ್ ಹೊಡೆದ. ಐದನೇ ಪಂದ್ಯದಲ್ಲಿ ಜ್ಯಾಕ್ ಗ್ಯಾಲೆನ್ ಆರು ಇನ್ನಿಂಗ್ಸ್ ಒಂದೂ ಹಿಟ್ ಕೊಡದೆ ಎಸೆದಿದ್ದಾಗ ಏಳನೇದರಲ್ಲಿ ಮೊದಲ ಹಿಟ್ ಅವನದೇ. ಸರಣಿಯ ಎಂವಿಪಿ. ಅವನು 2020ರಲ್ಲಿ ಡಾಜರ್ಸ್ ಪರ ಎಂವಿಪಿ ಆದಾಗಲೂ ಕೋವಿಡ್‌ನಿಂದಾಗಿ ಆ ವರ್ಲ್ಡ್ ಸೀರೀಸ್ ನಡೆದದ್ದು ಇದೇ ಆರ್ಲಿಂಗ್ಟನ್ ಅಂಗಳದಲ್ಲೇ. ನಮ್ಮ ಮಟ್ಟಿಗೆ ದುಡ್ಡು ಅಲ್ಲೇ ತೀರಿತು.

ಬ್ಯಾಟರ್‌ಗೆ ಕೊಡೋದು ವಾಸಿನಾ, ಪಿಚರ್‌ಗೆ ಕೊಡೋದಾ?

ಉದ್ದದ ಒಪ್ಪಂದ ಅಂದರೆ ಬ್ಯಾಟರ್‌ಗೆ. ಪಿಚರ್‌ನ ಮೊಣಕೈ ಯಾವಾಗ ಹೋಗುತ್ತೆ ಅಂತ ಯಾರಿಗೂ ಹೇಳೋಕೆ ಬರಲ್ಲ. ಡಿಗ್ರಾಮ್‌ಗೆ 5 ವರ್ಷಕ್ಕೆ 18 ಕೋಟಿ 50 ಲಕ್ಷ ಡಾಲರ್ ಕೊಟ್ಟರು, 2023ರಲ್ಲಿ ಆರೇ ಪಂದ್ಯ ಎಸೆದು ಮೊಣಕೈ ಸರ್ಜರಿಗೆ ಹೋದ. ಅವನು ಸಹಿ ಹಾಕಿದ ತಿಂಗಳೇ 2 ವರ್ಷಕ್ಕೆ 3 ಕೋಟಿ 40 ಲಕ್ಷಕ್ಕೆ ಬಂದ ಇವಾಲ್ಡಿ 2023ರ ಪ್ಲೇಆಫ್‌ನಲ್ಲಿ ಐದಕ್ಕೆ ಐದು ಗೆದ್ದ. ಡಿಗ್ರಾಮ್ 2025ರಲ್ಲಿ ವಾಪಸ್ ಬಂದು 30 ಪಂದ್ಯ ಚೆನ್ನಾಗೇ ಎಸೆದ, ಅದೂ ನಿಜ.

ಇದಕ್ಕೆ ಅಪವಾದ ಶರ್ಜರ್. 2015ರಲ್ಲಿ ನ್ಯಾಷನಲ್ಸ್ ಅವನಿಗೆ 7 ವರ್ಷಕ್ಕೆ 21 ಕೋಟಿ ಕೊಟ್ಟಿತು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡು ಸಲ, ಒಂದು ವರ್ಲ್ಡ್ ಸೀರೀಸ್. ದೊಡ್ಡ ಒಪ್ಪಂದಗಳಲ್ಲಿ ಅತ್ಯುತ್ತಮ ಯಾವುದು ಅಂತ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಟಿಕೆಟ್ಟು, ಜೆರ್ಸಿ ಮಾರಿ ದುಡ್ಡು ವಾಪಸ್ ಬರಲ್ವಾ?

ಜೆರ್ಸಿಯಿಂದ ಅಷ್ಟೇನೂ ಬರಲ್ಲ. ದೇಶದಾದ್ಯಂತ ಮಾರಾಟವಾಗುವ ಸಾಮಾನಿನ ದುಡ್ಡು 30 ತಂಡಗಳಿಗೂ ಹಂಚಿಹೋಗುತ್ತೆ. ಟಿಕೆಟ್‌ನಿಂದ ಬರುತ್ತೆ, ಆದರೆ ಗೆದ್ದರೆ ಮಾತ್ರ. ಬಾಂಡ್ಸ್ ಬಂದ ವರ್ಷ ಜಯಂಟ್ಸ್ ಅಂಗಳಕ್ಕೆ ಬಂದವರು 15 ಲಕ್ಷದಿಂದ 26 ಲಕ್ಷಕ್ಕೆ ಏರಿದರು, ತಂಡ 103 ಗೆದ್ದಿತ್ತಲ್ಲ. ಏ-ರಾಡ್ ಇದ್ದ ರೇಂಜರ್ಸ್‌ಗೆ 2001ರಲ್ಲಿ 28 ಲಕ್ಷ ಜನ ಬಂದರು, 2003ಕ್ಕೆ 21 ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ಎಂವಿಪಿ ಆಟಗಾರ ಅಲ್ಲೇ ಇದ್ದ. ಸೋಲೋದನ್ನ ಎಷ್ಟು ದಿನ ಅಂತ ಜನ ನೋಡುತ್ತಾರೆ?

## ಲೆಕ್ಕಾಚಾರಕ್ಕೆ ಇಳಿದವರಿಗೆ

31 ದಾಟಿದವನಿಗೆ ಹತ್ತು ವರ್ಷ ಯಾಕೆ ಕೊಡ್ತಾರೆ? ತಲೆ ಕೆಟ್ಟಿದೆಯಾ?

ಆರು ವರ್ಷದ ನಿಯಮದಿಂದಾಗಿ ಬಹುಪಾಲು ಆಟಗಾರರು ಸಂತೆಗೆ ಬರುವ ಹೊತ್ತಿಗೆ 29, 30 ಆಗಿರುತ್ತೆ. ಬ್ಯಾಟರ್‌ಗಳ ಒಳ್ಳೇ ಕಾಲ 26ರಿಂದ 29. ಅಂದರೆ ಅಗ್ಗಕ್ಕೆ ಸಿಗುವ ಒಳ್ಳೇ ವರ್ಷಗಳು ಹಳೇ ತಂಡಕ್ಕೆ, ದುಬಾರಿ ಇಳಿಗಾಲ ಹೊಸ ತಂಡಕ್ಕೆ. ಕಳೆದ ವರ್ಷ ಏನು ಮಾಡಿದ ಅಂತ ನೋಡಿ ಮುಂದಿನ ಹತ್ತು ವರ್ಷಕ್ಕೆ ದುಡ್ಡು ಕೊಡೋದು ಇಲ್ಲಿ ಆಗುವ ದೊಡ್ಡ ತಪ್ಪು.

ಆಲ್ಬರ್ಟ್ ಪೂಹೋಲ್ಸ್ ಕಾರ್ಡಿನಲ್ಸ್‌ನಲ್ಲಿ 11 ವರ್ಷ ಆಡಿ 445 ಹೋಮ್ ರನ್, ಮೂರು ಎಂವಿಪಿ, ಎರಡು ವರ್ಲ್ಡ್ ಸೀರೀಸ್ ಗೆದ್ದಿದ್ದ. 2011ರ ಫೈನಲ್‌ನಲ್ಲಿ ನಮ್ಮ ಅಂಗಳದಲ್ಲೇ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದು ನಮ್ಮ ಹೊಟ್ಟೆ ಉರಿಸಿದ್ದ. ಆ ಡಿಸೆಂಬರ್‌ನಲ್ಲಿ ಏಂಜಲ್ಸ್ 10 ವರ್ಷಕ್ಕೆ 24 ಕೋಟಿ ಕೊಟ್ಟಿತು. ಅಲ್ಲಿ ಅವನ ಬ್ಯಾಟಿಂಗ್ ಸರಾಸರಿ .256ಕ್ಕೆ (ನೂರು ಸಲಕ್ಕೆ 26 ಹಿಟ್‌ನ ಹತ್ತಿರ) ಇಳಿಯಿತು. ಆ ವರ್ಷಗಳಲ್ಲಿ ತಂಡ ಪ್ಲೇಆಫ್ ಕಂಡದ್ದು 2014ರಲ್ಲಿ ಒಂದೇ ಸಲ, ಅಲ್ಲೂ ಒಂದೂ ಪಂದ್ಯ ಗೆಲ್ಲಲಿಲ್ಲ. 2021ರ ಮೇನಲ್ಲಿ ಒಪ್ಪಂದ ಮುಗಿಯುವ ಮೊದಲೇ ಕೈಬಿಟ್ಟರು.

ಹಾಗಾದ್ರೆ 13 ವರ್ಷ, 15 ವರ್ಷ ಕೊಡೋದು ಇನ್ನೂ ಹುಚ್ಚಲ್ವಾ?

ಕೇಳೋಕೆ ಹಾಗನ್ನಿಸುತ್ತೆ. ಇಲ್ಲಿ ಎರಡು ವಿಷಯ ಇದೆ. ಒಂದು, ವಯಸ್ಸು. ಬ್ರೈಸ್ ಹಾರ್ಪರ್ ಫಿಲಡೆಲ್ಫಿಯಾ ಸೇರಿದಾಗ 26. ಹುವಾನ್ ಸೋಟೊ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರ್‌ಗೆ ಸಹಿ ಹಾಕಿದಾಗಲೂ 26. ಇವರ ಒಳ್ಳೇ ವರ್ಷಗಳು ಕೊಂಡವರಿಗೇ ಸಿಗುತ್ತವೆ.

ಇನ್ನೊಂದು, ದಂಡದ ಲೆಕ್ಕ ವರ್ಷದ ಸರಾಸರಿ ಮೇಲೆ ನಡೆಯುತ್ತೆ. ಹಾರ್ಪರ್‌ಗೆ ಕೊಟ್ಟ 33 ಕೋಟಿಯನ್ನ ಹತ್ತು ವರ್ಷಕ್ಕೆ ಹರಡಿದರೆ ವರ್ಷಕ್ಕೆ 3 ಕೋಟಿ 30 ಲಕ್ಷ, ಹದಿಮೂರಕ್ಕೆ ಹರಡಿದರೆ ಸುಮಾರು 2 ಕೋಟಿ 54 ಲಕ್ಷ. ಕೊನೇ ಮೂರು ವರ್ಷ ಅವನು ಆಡುತ್ತಾನೆ ಅಂತ ಕೊಟ್ಟದ್ದಲ್ಲ, ಮೊದಲ ಹತ್ತು ವರ್ಷದ ಹೊರೆ ಇಳಿಸೋಕೆ ಕೊಟ್ಟದ್ದು. ಅಲ್ಲಿ ಈವರೆಗೆ 2021ರ ಎಂವಿಪಿ, 2022ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ಪಯಣ. ನನ್ನ ಕಣ್ಣಿಗೆ ಅದು ಒಳ್ಳೇ ವ್ಯಾಪಾರ.

ಈ ಲಕ್ಷುರಿ ಟ್ಯಾಕ್ಸ್ ಅಂದ್ರೆ ಏನು? ಎಷ್ಟು ಬೀಳುತ್ತೆ?

ಮೊದಲು ಹೇಳಿದ ಗೆರೆ ದಾಟಿದರೆ ಕಟ್ಟುವ ದಂಡವೇ ಅದು. 2025ರಲ್ಲಿ ಗೆರೆ 24 ಕೋಟಿ 10 ಲಕ್ಷ ಡಾಲರ್. ಮೊದಲ ಸಲ ದಾಟಿದರೆ ದಾಟಿದ ಮೊತ್ತಕ್ಕೆ 20 ಶೇಕಡಾ, ಸತತ ಎರಡನೇ ವರ್ಷ 30, ಮೂರನೇ ವರ್ಷದಿಂದ 50. ತುಂಬಾ ಮೇಲೆ ಹೋದರೆ ಹೆಚ್ಚುವರಿ ದಂಡ. ಗೆರೆಗಿಂತ 6 ಕೋಟಿ ಮೇಲಿದ್ದರೆ ಇನ್ನೂ 60 ಶೇಕಡಾ ಸೇರುತ್ತೆ. ಹಾಗೆ ಮೂರು ವರ್ಷದಿಂದ ಮೇಲೆಯೇ ಇರುವ ತಂಡ ವರ್ಷಕ್ಕೆ 3 ಕೋಟಿಯ ಒಬ್ಬನನ್ನ ತಂದರೆ 3 ಕೋಟಿ 30 ಲಕ್ಷ ದಂಡ ಸೇರಿ 6 ಕೋಟಿ 30 ಲಕ್ಷ ಬೀಳುತ್ತೆ. ಅದೇ ಆಟಗಾರ ಗೆರೆ ಕೆಳಗಿರುವ ತಂಡಕ್ಕೆ ಬರೀ 3 ಕೋಟಿ. ಒಬ್ಬನೇ ಆಟಗಾರ, ಎರಡು ಬೆಲೆ. ‘ಅವನು ದುಬಾರಿಯಾ’ ಅನ್ನೋ ಪ್ರಶ್ನೆಗೆ ಯಾವ ತಂಡಕ್ಕೆ ಅಂತ ಹೇಳದೆ ಉತ್ತರ ಇಲ್ಲ.

ಓಟಾನಿ ವರ್ಷಕ್ಕೆ 20 ಲಕ್ಷ ಮಾತ್ರ ತಗೋತಾನಂತೆ, ನಿಜಾನಾ?

ನಿಜ. 10 ವರ್ಷಕ್ಕೆ 70 ಕೋಟಿ ಡಾಲರ್, ಅದರಲ್ಲಿ 68 ಕೋಟಿ ಆಮೇಲೆ, 2034ರಿಂದ 2043ರವರೆಗೆ, ಬಡ್ಡಿ ಇಲ್ಲದೆ. ನಾಳಿನ ದುಡ್ಡಿಗೆ ಇವತ್ತು ಬೆಲೆ ಕಡಿಮೆ, ಹಾಗಾಗಿ ದಂಡದ ಲೆಕ್ಕಕ್ಕೆ ವರ್ಷಕ್ಕೆ 7 ಕೋಟಿ ಬದಲು ಸುಮಾರು 4 ಕೋಟಿ 60 ಲಕ್ಷ ಹಿಡಿಯುತ್ತಾರೆ. ಉಳಿದದ್ದರಲ್ಲಿ ಡಾಜರ್ಸ್ ಬೇರೆಯವರನ್ನ ಕೊಂಡಿತು, 2024 ಮತ್ತು 2025 ಎರಡೂ ವರ್ಷ ಗೆದ್ದಿತು.

ಸಾಲ ಸಾಲವೇ ಅನ್ನೋದನ್ನ ಮರೀಬಾರದು. ಮೆಟ್ಸ್ 2000ದಲ್ಲಿ ಬಾಬಿ ಬೋನಿಯಾಗೆ ಕೊಡಬೇಕಿದ್ದ 59 ಲಕ್ಷವನ್ನ 8 ಶೇಕಡಾ ಬಡ್ಡಿಗೆ ಮುಂದೆ ಹಾಕಿದ್ದಕ್ಕೆ 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11 ಲಕ್ಷ 93 ಸಾವಿರ ಡಾಲರ್ ಕೊಡುತ್ತಿದೆ. ನಮ್ಮದೇ ರೇಂಜರ್ಸ್ 2010ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅಡಮಾನವಿಲ್ಲದೆ ತಂಡ ಬಾಕಿ ಕೊಡಬೇಕಿದ್ದವರ ಪಟ್ಟಿಯಲ್ಲಿ ಮೇಲಿದ್ದ ಹೆಸರು ಯಾರದ್ದು ಗೊತ್ತಾ? ಏ-ರಾಡ್. ಮುಂದೆ ಹಾಕಿದ್ದ ಸಂಬಳ 2 ಕೋಟಿ 49 ಲಕ್ಷ ಬಾಕಿ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯಾಂಕೀಸ್‌ನ ಸೋಲಿಸಿ ನಾವು ಮೊದಲ ಸಲ ವರ್ಲ್ಡ್ ಸೀರೀಸ್‌ಗೆ ಹೋದಾಗ ಕೊನೇ ಔಟ್ ಆದವನೂ ಅವನೇ.

ವಾರ್ ಅಂತ ಒಂದು ಅಂಕಿ ಹೇಳ್ತಾರಲ್ಲ, ಅದರಿಂದ ಬೆಲೆ ಕಟ್ಟಬಹುದಾ?

ಸುಲಭಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಇವನು ವರ್ಷಕ್ಕೆ ಎಷ್ಟು ಗೆಲುವು ಜಾಸ್ತಿ ತರುತ್ತಾನೆ ಅನ್ನೋದು ವಾರ್. ಸಂತೆಯಲ್ಲಿ ಒಂದು ಗೆಲುವಿಗೆ ಸುಮಾರು 80, 90 ಲಕ್ಷ ಡಾಲರ್ ಅಂತ ಲೆಕ್ಕ ಹಾಕುತ್ತಾರೆ. ಆ ಪ್ರಕಾರ ಸೀಗರ್ ವರ್ಷಕ್ಕೆ ಸರಾಸರಿ ನಾಲ್ಕು ಗೆಲುವು ತಂದರೆ ಸರಿಹೋಯಿತು.

ಆದರೆ ಎಲ್ಲ ಗೆಲುವಿಗೂ ಒಂದೇ ಬೆಲೆ ಅಂತ ಹಿಡಿಯೋದನ್ನ ನಾನು ಒಪ್ಪಲ್ಲ. 70 ಗೆಲ್ಲುವ ತಂಡ 74 ಗೆದ್ದರೆ ಏನು ಬಂತು? 2023ರಲ್ಲಿ ರೇಂಜರ್ಸ್ 90 ಗೆದ್ದು ಒಳಗೆ ಹೋಯಿತು, ಸಿಯಾಟಲ್ 88 ಗೆದ್ದು ಹೊರಗುಳಿಯಿತು. ಮೂರು ಗೆಲುವು ಕಮ್ಮಿ ಆಗಿದ್ದರೆ ನಾವು ಮನೆಯಲ್ಲಿ. ಮೆಟ್ಸ್ ನೋಡಿ: 2025ರಲ್ಲಿ ಸೋಟೊ 43 ಹೋಮ್ ರನ್ ಹೊಡೆದ, 38 ಬೇಸ್ ಕದ್ದ (ಹಿಟ್‌ಗೆ ಕಾಯದೆ ಮುಂದಿನ ಬೇಸ್‌ಗೆ ಓಡೋದು). ತಂಡ 83 ಗೆದ್ದು ಸಿನ್ಸಿನಾಟಿ ಜೊತೆ ಸಮ ಆಗಿ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಹೊರಬಿತ್ತು. ಕೊನೇ ದಿನ ಮಯಾಮಿ ಮೇಲೆ ಒಂದು ಗೆದ್ದಿದ್ದರೆ ಸಾಕಿತ್ತು. ಜೂನ್ ಮಧ್ಯದಲ್ಲಿ ಲೀಗ್‌ಗೇ ಮೇಲಿದ್ದ ತಂಡದ ಪಿಚಿಂಗ್ ಆಮೇಲೆ ಕುಸಿದದ್ದಕ್ಕೆ ಸೋಟೊ ಏನು ಮಾಡೋಕೆ ಆಗುತ್ತೆ?

ಆಪ್ಟ್ ಔಟ್ ಕೊಡಬೇಕಾ?

ಒಪ್ಪಂದದ ನಡುವೆಯೇ ಬಿಟ್ಟು ಮತ್ತೆ ಫ್ರೀ ಏಜೆಂಟ್ ಆಗುವ ಹಕ್ಕು ಅದು. ಸಾಧ್ಯವಾದರೆ ಬೇಡ. ಚೆನ್ನಾಗಿ ಆಡಿದರೆ ಅವನು ಹೋಗುತ್ತಾನೆ, ಆಡದಿದ್ದರೆ ಉಳಿಯುತ್ತಾನೆ, ಎರಡೂ ಕಡೆ ನಷ್ಟ ತಂಡಕ್ಕೆ. ಸೋಟೊಗೆ 2029ರ ನಂತರ ಹೋಗುವ ಹಕ್ಕಿದೆ. ಉಳಿಸಿಕೊಳ್ಳಬೇಕಾದರೆ ಮೆಟ್ಸ್ ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಏರಿಸಬೇಕು, ಒಟ್ಟು 80 ಕೋಟಿ 50 ಲಕ್ಷ ಆಗುತ್ತೆ. ಅವನು ಹೊರಟ ದಿನ ಬಿಟ್ಟುಕೊಡುವ ಧೈರ್ಯ ಇದ್ದರೆ ಪರವಾಗಿಲ್ಲ. ಯಾಂಕೀಸ್‌ಗೆ ಆ ಧೈರ್ಯ ಇರಲಿಲ್ಲ. 2007ರಲ್ಲಿ ಏ-ರಾಡ್ ಹೊರಬಂದಾಗ 32 ವಯಸ್ಸಿನವನಿಗೆ ಮತ್ತೆ 10 ವರ್ಷ, 27 ಕೋಟಿ 50 ಲಕ್ಷ ಕೊಟ್ಟಿತು. 2009ರಲ್ಲಿ ಒಂದು ವರ್ಲ್ಡ್ ಸೀರೀಸ್ ಬಂತು ನಿಜ, ಕೊನೆಯ ವರ್ಷಗಳು ಎರಡೂ ಕಡೆಯವರಿಗೆ ಕಷ್ಟದವಾಗಿದ್ದವು.

ಸ್ಟಾರ್‌ನ ಬಿಟ್ಟು ಕಳಿಸಿದ್ರೆ ತಂಡ ಹಾಳಾಗಲ್ವಾ?

2018 ಮುಗಿದ ಮೇಲೆ ಹಾರ್ಪರ್ ವಾಷಿಂಗ್ಟನ್ ಬಿಟ್ಟ. ಅಭಿಮಾನಿಗಳು ಕೆಂಡವಾದರು. 2019ರಲ್ಲಿ ಅದೇ ವಾಷಿಂಗ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ಔಟ್‌ಫೀಲ್ಡ್‌ನಲ್ಲಿ 20 ವರ್ಷದ ಒಬ್ಬ ಹುಡುಗ ಇದ್ದ, ಅವನೇ ಸೋಟೊ.

ಪೂಹೋಲ್ಸ್ ಕಥೆಯ ಇನ್ನೊಂದು ಅರ್ಧ ಇನ್ನೂ ಚೆನ್ನಾಗಿದೆ. ಅವನು ಹೋದದ್ದಕ್ಕೆ ಪರಿಹಾರವಾಗಿ ಕಾರ್ಡಿನಲ್ಸ್‌ಗೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು) ಏಂಜಲ್ಸ್‌ನ ಆಯ್ಕೆ ಸಿಕ್ಕಿತು, 2012ರ 19ನೇ ಆಯ್ಕೆ. ಅದರಲ್ಲಿ ಮೈಕಲ್ ವಾಕಾ ಅನ್ನೋ ಪಿಚರ್‌ನ ತಗೊಂಡರು. ಮರುವರ್ಷವೇ ಅವನು ನ್ಯಾಷನಲ್ ಲೀಗ್ ಫೈನಲ್ ಸರಣಿಯ ಎಂವಿಪಿ, ತಂಡ ವರ್ಲ್ಡ್ ಸೀರೀಸ್‌ನಲ್ಲಿ. ಬದಲಿ ಹುಡುಗರು ತಯಾರಿದ್ದ ತಂಡಗಳಿಗೆ ಹೀಗಾಯಿತು. ತಯಾರಿಲ್ಲದಿದ್ದರೆ ಬಿಡೋದು ಬರೀ ಉಳಿತಾಯ ಆಗುತ್ತೆ, ಅದನ್ನ ಜಾಣತನ ಅಂತ ನಾನು ಕರೆಯಲ್ಲ.

ಸರ್, ಸುತ್ತಿ ಬಳಸಬೇಡಿ. ನೀವಾಗಿದ್ದರೆ ತಗೋತೀರಾ ಇಲ್ವಾ?

ತಗೋತೀನಿ, ಅವನಿಗೆ 28ರೊಳಗಿದ್ದರೆ, ಬ್ಯಾಟರ್ ಆಗಿದ್ದರೆ, ಮುಂದಿನ ವರ್ಷವೂ ಅದರ ಮುಂದಿನ ವರ್ಷವೂ ಪಿಚರ್‌ಗಳಿಗೆ ಖರ್ಚು ಮಾಡುತ್ತೇನೆ ಅಂತ ಮಾಲೀಕ ಕೈಮೇಲೆ ಕೈಯಿಟ್ಟು ಹೇಳಿದರೆ. ಅವನನ್ನ ತಂದದ್ದಕ್ಕೇ ಬೇರೆಯವರಿಗೆ ದುಡ್ಡಿಲ್ಲ ಅನ್ನೋದಾದರೆ ಬೇಡ. 31 ದಾಟಿದವನಿಗೆ ಮೂರು ನಾಲ್ಕು ವರ್ಷಕ್ಕಿಂತ ಜಾಸ್ತಿ ಕೊಡಲ್ಲ, ಎಷ್ಟೇ ಪ್ರೀತಿಯ ಆಟಗಾರ ಆಗಿರಲಿ.

ಸೀಗರ್ ಒಪ್ಪಂದ 2031ರವರೆಗೆ ಇದೆಯಲ್ಲ, ಆ ಕೊನೇ ವರ್ಷಗಳ ಗತಿ ಏನು?

ಕಷ್ಟವೇ ಇರುತ್ತೆ. ಮುಗಿಯುವ ಹೊತ್ತಿಗೆ ಅವನಿಗೆ 37. ಶಾರ್ಟ್‌ಸ್ಟಾಪ್‌ನಲ್ಲಿ ಅಷ್ಟು ದಿನ ನಿಲ್ಲೋಕೆ ಆಗಲ್ಲ, ಥರ್ಡ್ ಬೇಸ್‌ಗೋ ಬರೀ ಬ್ಯಾಟಿಂಗ್‌ಗೋ ಸರಿಯಬೇಕಾಗಬಹುದು. ರೇಂಜರ್ಸ್ 2024ರಲ್ಲಿ 78 ಗೆದ್ದಿತು, 2025ರಲ್ಲಿ 81. ಆ ನವೆಂಬರ್‌ನಲ್ಲಿ ಸಿಮಿಯನ್‌ನನ್ನ ಮೆಟ್ಸ್‌ಗೆ ಕೊಟ್ಟು ಬ್ರ್ಯಾಂಡನ್ ನಿಮೊನನ್ನ ತಂದರು. ಒಟ್ಟಿಗೆ ಬಂದ ಜೋಡಿ ಮುರಿದದ್ದು ನೋಡಿ ಮನೆಯಲ್ಲಿ ಎಲ್ಲರಿಗೂ ಬೇಸರ ಆಯಿತು. ನನ್ನ ಮಗಳು ಮಾತ್ರ ಕೇಳಿದ್ದು ಒಂದೇ, ಸೀಗರ್ ಇರ್ತಾನಲ್ವಾ ಅಂತ. ಅವಳ 5ನೇ ನಂಬರಿನ ಜೆರ್ಸಿ ತೋಳು ಗಿಡ್ಡ ಆಗಿದೆ. ಮಾರ್ಚ್ ಒಳಗೆ ಒಂದು ಸೈಜ್ ದೊಡ್ಡದು ತರಬೇಕು, ಅದೇ ನಂಬರ್.